ಚಿನ್ನದ ಬೇಟೆಯ ರಿಯಾಲಿಟಿ ಷೋ: ನೋಡುಗರ ತೀರ್ಪು, ವ್ಯಾಪಾರಿಯ ಲೆಕ್ಕ

ಕೊಳವೆಬಾವಿ ಕೊರೆಸಿದವರಿಗೆ ಆ ದಿನದ ತಳಮಳವನ್ನು ವಿವರಿಸಬೇಕಾಗಿಲ್ಲ. ಯಂತ್ರ ಗರ್ಜಿಸುತ್ತಿರುತ್ತದೆ, ಅಡಿ ಅಡಿಗೂ ಖರ್ಚು ಏರುತ್ತಿರುತ್ತದೆ, ಮೇಲೆ ಬರುವುದು ಮಾತ್ರ ಒಣ ಧೂಳು. ಇನ್ನು ಐವತ್ತು ಅಡಿ ಇಳಿಸಿದರೆ ನೀರು ಸಿಕ್ಕೀತೆಂಬ ಆಸೆ ಒಂದು ಕಡೆ. ಇಲ್ಲಿಗೇ ನಿಲ್ಲಿಸಿದರೆ ಉಳಿದ ಹಣವಾದರೂ ಉಳಿದೀತೆಂಬ ವಿವೇಕ ಇನ್ನೊಂದು ಕಡೆ. ಈ ಇಕ್ಕಟ್ಟನ್ನೇ, ನೀರಿನ ಬದಲು ಚಿನ್ನವನ್ನಿಟ್ಟು, ವರ್ಷವರ್ಷವೂ ಜಗತ್ತಿಗೆ ತೋರಿಸುತ್ತ ಬಂದಿರುವ ಕಾರ್ಯಕ್ರಮ ಡಿಸ್ಕವರಿ ವಾಹಿನಿಯ ‘ಗೋಲ್ಡ್ ರಷ್’. ಮುಂಡಗೋಡ ತಾಲ್ಲೂಕಿನ ಮಳಗಿಯಂತಹ ಪೇಟೆಯಲ್ಲಿ ಸಂಜೆ ಅಂಗಡಿ ಮುಚ್ಚಿದ ಮೇಲೆ ಇದನ್ನು ನೋಡುವ ವ್ಯಾಪಾರಿಗೆ ಅಲಾಸ್ಕಾದ ಹಿಮ ಹೊಸದಾಗಿರಬಹುದು. ಅಲ್ಲಿ ನಡೆಯುವ ಲೆಕ್ಕಾಚಾರ ಮಾತ್ರ ಹೊಸದಲ್ಲ.

ಮೊದಲ ವರ್ಷದ ಜಮಾ-ಖರ್ಚು

ಈ ಕಾರ್ಯಕ್ರಮವು ಅಮೆರಿಕದಲ್ಲಿ 2010ರ ಡಿಸೆಂಬರ್ 3ರಂದು ಆರಂಭವಾಯಿತು. 2008ರ ಆರ್ಥಿಕ ಹಿಂಜರಿತದಿಂದ ಕೆಲಸ ಕಳೆದುಕೊಂಡ ಒರೆಗಾನ್ ರಾಜ್ಯದ ಕೆಲವರು, ಟಾಡ್ ಹಾಫ್‌ಮನ್ ಎಂಬವರ ಮುಂದಾಳತ್ವದಲ್ಲಿ, ಅಲಾಸ್ಕಾದ ಹೇನ್ಸ್ ಪಟ್ಟಣದ ಸಮೀಪದ ಪೋರ್ಕ್ಯುಪೈನ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ನೆಲವನ್ನು ಗುತ್ತಿಗೆ ಹಿಡಿದರು. ಟಾಡ್ ಅವರ ತಂದೆ ಜ್ಯಾಕ್ ದಶಕಗಳ ಹಿಂದೆ ಗಣಿ ಕೆಲಸ ಮಾಡಿದ್ದರು. ಉಳಿದವರಿಗೆ ಯಂತ್ರ ನಡೆಸುವುದೋ ಬೆಸುಗೆ ಹಾಕುವುದೋ ತಿಳಿದಿತ್ತೇ ಹೊರತು ಚಿನ್ನದ ಗಣಿಗಾರಿಕೆ ತಿಳಿದಿರಲಿಲ್ಲ.

ಅವರು ಹೂಡಿದ್ದು ಸುಮಾರು 2,50,000 ಡಾಲರ್. ಮೊದಲ ವರ್ಷ ಕೈಗೆ ಬಂದದ್ದು 15 ಔನ್ಸ್‌ಗೂ ಕಡಿಮೆ ಚಿನ್ನ. ಒಂದು ಔನ್ಸ್ ಎಂದರೆ 31.1 ಗ್ರಾಂ, ಅಂದರೆ ಒಟ್ಟು ಅರ್ಧ ಕಿಲೋ ಕೂಡ ಆಗಲಿಲ್ಲ. ಅಂದಿನ ಧಾರಣೆಯಲ್ಲಿ ಅದರ ಬೆಲೆ ಸುಮಾರು 20,000 ಡಾಲರ್. ಹೂಡಿಕೆಯನ್ನು ಉತ್ಪನ್ನದಿಂದ ಭಾಗಿಸಿದರೆ ಒಂದು ಔನ್ಸಿಗೆ ತಗುಲಿದ ವೆಚ್ಚ 17,000 ಡಾಲರ್ ಸಮೀಪ. ಮಾರುಕಟ್ಟೆಯಲ್ಲಿ ಅದರ ಬೆಲೆ 1,400 ಡಾಲರ್ ಆಸುಪಾಸು. ಯಂತ್ರಗಳಿಗೆ ಉಳಿದಿದ್ದ ಬೆಲೆಯನ್ನು ಕಳೆದರೂ ಈ ಅಂತರ ತುಂಬುವಂತಹುದಲ್ಲ. ಎರಡನೆಯ ವರ್ಷದ ಹೊತ್ತಿಗೆ ಆ ನೆಲವೂ ಬೇರೊಬ್ಬ ಗಣಿಗಾರನ ಪಾಲಾಯಿತು.

ನೋಡುಗರ ಮೂರು ಅಭಿಪ್ರಾಯಗಳು

ಈ ಕಾರ್ಯಕ್ರಮದ ವೀಕ್ಷಕರಲ್ಲಿ ಮೊದಲಿನಿಂದಲೂ ಮೂರು ಬಣಗಳಿವೆ.

ಮೊದಲನೆಯ ಬಣದವರದು ಟೀಕೆ. ನೆಲದಲ್ಲಿ ಚಿನ್ನ ಎಷ್ಟಿದೆ, ಎಷ್ಟು ಆಳದಲ್ಲಿದೆ ಎಂಬುದನ್ನು ಅಲ್ಲಲ್ಲಿ ಕೊರೆದು ಪರೀಕ್ಷಿಸದೆ ಭಾರೀ ಯಂತ್ರಗಳನ್ನು ಇಳಿಸಿದ್ದು ಹುಚ್ಚುತನವೆಂಬುದು ಅವರ ವಾದ. ಯಂತ್ರ ಕೆಸರಿನಲ್ಲಿ ಹೂತುಹೋದಾಗ, ಮಣ್ಣು ತೊಳೆಯುವ ಯಂತ್ರ ಕೆಟ್ಟು ದಿನಗಟ್ಟಲೆ ನಿಂತಾಗ, ಹಿಮ ಬೀಳುವ ದಿನ ಸಮೀಪಿಸಿದರೂ ತಳದ ಬಂಡೆ ಸಿಗದಿದ್ದಾಗ, ಈ ನೋಡುಗರು ಮೊದಲೇ ಹೇಳಿರಲಿಲ್ಲವೆ ಎನ್ನುತ್ತಾರೆ.

ಎರಡನೆಯ ಬಣದವರದು ಮೆಚ್ಚುಗೆ. ಕೆಲಸ ಹೋಯಿತೆಂದು ಕೈಕಟ್ಟಿ ಕೂರದೆ, ಸಂಸಾರವನ್ನು ಕಟ್ಟಿಕೊಂಡು ದೂರದ ಕಾಡಿಗೆ ಹೊರಟವರ ಧೈರ್ಯವನ್ನು ಅವರು ಗೌರವಿಸುತ್ತಾರೆ. ತಪ್ಪು ಮಾಡದೆ ಯಾರೂ ಕಲಿತಿಲ್ಲ ಎಂಬುದು ಅವರ ನಿಲುವು.

ಮೂರನೆಯವರದು ಸಂಶಯ. ಇಷ್ಟೊಂದು ಅವಾಂತರ ಸಹಜವಾಗಿ ನಡೆಯುವುದೆ, ಕ್ಯಾಮೆರಾಕ್ಕಾಗಿ ನಡೆಯುವುದೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಒಂದು ಅಂಶವಿದೆ. ಇಂತಹ ಕಾರ್ಯಕ್ರಮಗಳಲ್ಲಿ ಭಾಗವಹಿಸುವವರಿಗೆ ವಾಹಿನಿಯಿಂದ ಸಂಭಾವನೆ ದೊರೆಯುತ್ತದೆ. ಗಣಿಯ ಖಾತೆ ನಷ್ಟ ತೋರಿಸಿದರೂ ಬೇರೆ ಖಾತೆಯಿಂದ ಆದಾಯ ಬರುತ್ತದೆ. ಪರದೆಯ ಮೇಲೆ ಸೋತವನು ಮರುವರ್ಷ ಮತ್ತೆ ಯಂತ್ರದೊಡನೆ ಕಾಣಿಸಿಕೊಳ್ಳುವುದನ್ನು ನೋಡುವಾಗ ಇದನ್ನು ಮರೆಯಬಾರದು. ನಿಜಜೀವನದ ಉದ್ಯಮಿಗೆ ಆ ಎರಡನೆಯ ಖಾತೆ ಇರುವುದಿಲ್ಲ.

ದೋಷ ಅನನುಭವದ್ದೆ?

ಟೀಕಾಕಾರರು ಮತ್ತು ಮೆಚ್ಚುವವರು ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದಾರೆ: ಸೋಲಿಗೆ ಕಾರಣ ಅನನುಭವ ಎಂಬುದು. ಆದರೆ ಕಾರ್ಯಕ್ರಮದ ಮುಂದಿನ ವರ್ಷಗಳು ಈ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಹಾಫ್‌ಮನ್ ತಂಡ ಕೆನಡಾದ ಕ್ಲಾಂಡೈಕ್ ಪ್ರದೇಶಕ್ಕೆ ಹೋಗಿ ಮೂರನೆಯ ವರ್ಷದಲ್ಲಿ 800 ಔನ್ಸ್‌ಗೂ ಮಿಕ್ಕಿ ಚಿನ್ನ ತೆಗೆಯಿತು. ಕೆಲಸ ಕಲಿತ ಅದೇ ತಂಡ ಮರುವರ್ಷ ದಕ್ಷಿಣ ಅಮೆರಿಕದ ಗಯಾನಾದ ಕಾಡಿಗೆ ಹಾರಿತು. ಅಲ್ಲಿ ದೊರೆತದ್ದು ಎರಡು ಔನ್ಸಿನಷ್ಟು ಮಾತ್ರ. ಈಗ ಅನುಭವವಿತ್ತು, ಆದರೆ ನೆಲ ಅಪರಿಚಿತವಾಗಿತ್ತು, ಪರೀಕ್ಷೆ ಸಾಲದಾಗಿತ್ತು.

ಅದೇ ಕಾರ್ಯಕ್ರಮದ ಪಾರ್ಕರ್ ಶ್ನಾಬೆಲ್ ಎಂಬ ಯುವಕನದು ಬೇರೆ ಕಥೆ. 1994ರಲ್ಲಿ ಜನಿಸಿದ ಈತ ತಾತ ಜಾನ್ ಶ್ನಾಬೆಲ್ ಅವರ ಗಣಿಯಲ್ಲೇ ಬೆಳೆದವನು. ಕಾಲೇಜು ಶಿಕ್ಷಣಕ್ಕೆಂದು ಕೂಡಿಟ್ಟಿದ್ದ ಹಣವನ್ನು ತೊಡಗಿಸಿ 2013ರಲ್ಲಿ ಕ್ಲಾಂಡೈಕ್‌ನಲ್ಲಿ ಸ್ವತಂತ್ರವಾಗಿ ಗಣಿಗಾರಿಕೆ ಆರಂಭಿಸಿದ. ಆದರೆ ಆತ ಇಳಿದದ್ದು ಟೋನಿ ಬೀಟ್ಸ್ ಎಂಬ ಹಳೆಯ ಗಣಿಗಾರನ ನೆಲಕ್ಕೆ. ತೆಗೆದ ಚಿನ್ನದಲ್ಲಿ ಪಾಲು ಕೊಡುವ ಕರಾರಿನ ಮೇಲೆ. ಆ ವರ್ಷ 1,000 ಔನ್ಸ್ ದಾಟಿತು. ವಯಸ್ಸಿನಲ್ಲಿ ಎಳೆಯನಾದರೂ ಬಲ್ಲವನ ನೆಲದಲ್ಲಿ, ಬಲ್ಲವನ ಮಾತು ಕೇಳಿ ಕೆಲಸ ಮಾಡಿದ ಎಂಬುದೇ ಇಲ್ಲಿನ ವ್ಯತ್ಯಾಸ.

ಕೋಲಾರದ ಕೊನೆಯ 13,000 ಪೌಂಡು

ಇಂತಹ ಸಾಹಸಗಳ ಉದಾಹರಣೆಗೆ ಕನ್ನಡಿಗರು ಅಲಾಸ್ಕಾಕ್ಕೆ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯ ಆಧುನಿಕ ಇತಿಹಾಸವನ್ನು ಆರಂಭಿಸಿದ ಮೈಕೆಲ್ ಲವೆಲ್ ಅವರೂ ವೃತ್ತಿಯಿಂದ ಗಣಿಗಾರರಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಭಾಗವಹಿಸಿ ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಸಿದ್ದ ಐರಿಷ್ ಸೈನಿಕ. ಲೆಫ್ಟಿನೆಂಟ್ ಜಾನ್ ವಾರೆನ್ 19ನೆಯ ಶತಮಾನದ ಆರಂಭದಲ್ಲಿ ಕೋಲಾರದ ಮಣ್ಣಿನ ಚಿನ್ನದ ಬಗ್ಗೆ ಬರೆದಿದ್ದ ವರದಿಯನ್ನು ಓದಿ ಲವೆಲ್ 1871ರಲ್ಲಿ ಎತ್ತಿನ ಗಾಡಿಯಲ್ಲಿ ಅತ್ತ ಹೊರಟರು. 1875ರಲ್ಲಿ ಮೈಸೂರು ಸರ್ಕಾರದಿಂದ ಹಕ್ಕು ಪಡೆದು ಉರಿಗಾಂ ಬಳಿ ಗುಂಡಿ ತೋಡಿದರು. ಸ್ವಲ್ಪ ಆಳಕ್ಕೆ ಇಳಿಯುವಷ್ಟರಲ್ಲಿ ಹಣ ತೀರಿತು. ಹಕ್ಕನ್ನು ಇತರರಿಗೆ ವರ್ಗಾಯಿಸಿ ಅವರು ಹಿಂದೆ ಸರಿದರು.

ಅನಂತರ ಬಂದದ್ದು ಷೇರುಗಳ ಹುಚ್ಚು. 1879ರಿಂದ 1881ರ ಅವಧಿಯಲ್ಲಿ ವಯನಾಡು-ನೀಲಗಿರಿ ಸೀಮೆಯ ಚಿನ್ನಕ್ಕಾಗಿ ಲಂಡನ್ನಿನಲ್ಲಿ ನಲವತ್ತರಷ್ಟು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಘೋಷಿತ ಬಂಡವಾಳ ಸುಮಾರು 50 ಲಕ್ಷ ಪೌಂಡು. ಅದಿರಿನಲ್ಲಿ ಚಿನ್ನದ ಪ್ರಮಾಣ ಖಚಿತವಾಗುವ ಮೊದಲೇ ಭಾರೀ ಯಂತ್ರಗಳನ್ನು ಬೆಟ್ಟಕ್ಕೆ ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಮುಳುಗಿದವು; ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ಕೋಲಾರವೂ ಅದೇ ಹಾದಿಯಲ್ಲಿತ್ತು. 1880ರಲ್ಲಿ ಸ್ಥಾಪಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಬಂಡವಾಳ ಕೆಲವೇ ವರ್ಷಗಳಲ್ಲಿ ಕರಗಿ ಸುಮಾರು 13,000 ಪೌಂಡು ಉಳಿಯಿತು. ಕಂಪನಿಯನ್ನು ಮುಚ್ಚಿ ಉಳಿದದ್ದನ್ನು ಹಂಚಿಕೊಳ್ಳೋಣವೆಂಬ ಅಭಿಪ್ರಾಯ ಷೇರುದಾರರಲ್ಲಿ ಬಲವಾಗಿತ್ತು. ವ್ಯವಸ್ಥಾಪಕರಾದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅವರನ್ನು ಒಪ್ಪಿಸಿ, ಆ ಹಣದೊಡನೆ ಕ್ಯಾಪ್ಟನ್ ಪ್ಲಮರ್ ಎಂಬ ನುರಿತ ಗಣಿಗಾರನನ್ನು ಕಳುಹಿಸಿತು. ಪ್ಲಮರ್ ಹೊಸ ಜಾಗ ಹುಡುಕಲಿಲ್ಲ. ಶತಮಾನಗಳ ಹಿಂದೆ ನಮ್ಮ ನೆಲದ ಜನರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಅವುಗಳಿಗಿಂತ ಕೆಳಗಿಳಿದರು. ಅಲ್ಲಿ ದೊರೆತದ್ದೇ ಚಾಂಪಿಯನ್ ಲೋಡ್ ಎಂದು ಪ್ರಸಿದ್ಧವಾದ ಚಿನ್ನದ ಸಿರೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಅಲ್ಲಿಗೆ ಒಯ್ಯಲಾಯಿತು. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಕೋಲಾರದ ಗಣಿಗಳು 800 ಟನ್‌ಗಳಷ್ಟು ಚಿನ್ನ ನೀಡಿದವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಛಲ ಬಿಡದಿದ್ದುದರಿಂದ ಚಿನ್ನ ಸಿಕ್ಕಿತು ಎಂದಷ್ಟೇ ಈ ಪ್ರಸಂಗವನ್ನು ಓದಿದರೆ ತಪ್ಪಾಗುತ್ತದೆ. ವಯನಾಡಿನ ಕಂಪನಿಗಳಿಗೆ ಛಲದ ಕೊರತೆ ಇರಲಿಲ್ಲ. ಕೋಲಾರದಲ್ಲಿ ಕೊನೆಯ ಹಣ ಖರ್ಚಾದದ್ದು ಆಸೆಯ ಮೇಲಲ್ಲ, ಕುರುಹಿನ ಮೇಲೆ; ಹಿಂದೆ ತೋಡಿದವರು ಬಿಟ್ಟುಹೋದ ಗುರುತೇ ಆ ಕುರುಹು.

ಕಪ್ಪತಗುಡ್ಡದ ಪಾಠ

ಮಳಗಿಗೆ ಇನ್ನೂ ಸಮೀಪದ ಉದಾಹರಣೆ ಗದಗ ಜಿಲ್ಲೆಯ ಕಪ್ಪತಗುಡ್ಡ. ಅಲ್ಲಿನ ಡೋಣಿ, ಸೊರಟೂರು ಭಾಗದ ಹಳ್ಳಗಳಲ್ಲಿ ಮಳೆಗಾಲದ ನಂತರ ಮರಳು ತೊಳೆದು ಚಿನ್ನದ ಕಣ ತೆಗೆಯುವ ಜಲಗಾರರು ಹಿಂದೆ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳನ್ನು ಪರಿಶೀಲಿಸಿ 1874ರಲ್ಲಿ ವರದಿ ಪ್ರಕಟಿಸಿದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಹೊಸೂರು, ಕಬಲಾಯತಕಟ್ಟಿ ಮೊದಲಾದ ಕಡೆ ಕಂಪನಿಗಳು ಗಣಿ ತೋಡಿದವು. ಯಾವುದೂ ಕೋಲಾರವಾಗಲಿಲ್ಲ, ಬಹುಬೇಗ ಮುಚ್ಚಿಹೋದವು. 2019ರಲ್ಲಿ ಕಪ್ಪತಗುಡ್ಡವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಜಲಗಾರರ ಬಂಡವಾಳ ಒಂದು ಮರದ ಮರಿಗೆ ಮತ್ತು ಮೈಯ ದುಡಿಮೆ. ಸಿಕ್ಕಿದ ದಿನ ಸ್ವಲ್ಪ ಲಾಭ, ಸಿಗದ ದಿನ ಕೂಲಿ ನಷ್ಟ, ಅಷ್ಟೆ. ಅದೇ ಹಳ್ಳದ ಚಿನ್ನ ಒಂದು ಸಂಸಾರದ ಗಂಜಿಗೆ ಸಾಲುತ್ತಿತ್ತು. ಕಂಪನಿಯ ಯಂತ್ರ, ಸಂಬಳ, ಬಡ್ಡಿಗಳಿಗೆ ಸಾಲಲಿಲ್ಲ. ಚಿನ್ನವಿದೆಯೆ ಎಂಬುದೊಂದು ಪ್ರಶ್ನೆ. ನಮ್ಮ ಖರ್ಚನ್ನು ಹೊರುವಷ್ಟು ಇದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದಕ್ಕೂ ಸಿಕ್ಕಿತೆಂದು ಭಾವಿಸುವುದರಿಂದಲೇ ಹೆಚ್ಚಿನ ಉದ್ಯಮಗಳು ಕೆಡುತ್ತವೆ.

ನಮ್ಮ ಪೇಟೆಯ ಚಿನ್ನ

ಭತ್ತ, ಗೋವಿನಜೋಳ, ಅಡಿಕೆಯ ಸೀಮೆಯಾದ ಮಳಗಿಯ ಸುತ್ತಮುತ್ತ ಚಿನ್ನದ ಗಣಿಗಳಿಲ್ಲ. ಆದರೆ ಚಿನ್ನದ ಬೇಟೆಯ ಜ್ವರ ಬೇರೆ ರೂಪದಲ್ಲಿ ಬರುತ್ತದೆ. 2023ರಲ್ಲಿ ರಾಜ್ಯದಲ್ಲಿ ಶುಂಠಿಯ ಧಾರಣೆ ದಾಖಲೆ ಮಟ್ಟಕ್ಕೇರಿತು. ಆ ಧಾರಣೆಯನ್ನು ಕಂಡು ಹೊಸಬರೂ ನೆಲ ಗುತ್ತಿಗೆ ಹಿಡಿದು ನಾಟಿಗಿಳಿದರು. ಅನಂತರ ಧಾರಣೆ ಕುಸಿಯಿತು. ಗುತ್ತಿಗೆ ಹಣ, ಬಿತ್ತನೆ ಗಡ್ಡೆ, ಗೊಬ್ಬರ, ಕೂಲಿ, ಎಲ್ಲವನ್ನೂ ಮೊದಲೇ ಸುರಿಯಬೇಕು. ಕೊಳೆರೋಗ ಬಂದರೆ ಬೆಳೆ ಹೋಗುತ್ತದೆ, ಬೆಳೆ ಉಳಿದರೆ ಧಾರಣೆಯ ಭರವಸೆ ಇಲ್ಲ. ಪೋರ್ಕ್ಯುಪೈನ್ ಕ್ರೀಕ್‌ನ ಲೆಕ್ಕಕ್ಕೂ ಇದಕ್ಕೂ ಸ್ವರೂಪದಲ್ಲಿ ವ್ಯತ್ಯಾಸವಿಲ್ಲ. ಈ ನಷ್ಟ ಬೆಳೆಗಾರನಲ್ಲಿ ನಿಲ್ಲುವುದೂ ಇಲ್ಲ. ಗೊಬ್ಬರದ ಅಂಗಡಿಯ ಉದ್ರಿ, ಟ್ರ್ಯಾಕ್ಟರ್ ದುರಸ್ತಿಯ ಬಾಕಿ, ಕಿರಾಣಿ ಲೆಕ್ಕ ಎಲ್ಲವೂ ಅದರೊಡನೆ ನಿಲ್ಲುತ್ತವೆ. ಸಣ್ಣ ಕೈಗಾರಿಕೆಗಳಲ್ಲಿಯೂ ಆದೇಶ ಕೈಗೆ ಬರುವ ಮೊದಲೇ ಸಾಲ ತೆಗೆದು ದೊಡ್ಡ ಯಂತ್ರ ತರಿಸುವವರಿದ್ದಾರೆ.

ಆದ್ದರಿಂದ ಹೊಸ ಉದ್ಯಮಕ್ಕಿಳಿಯುವವರು ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿದ್ಧಪಡಿಸಿಕೊಳ್ಳುವುದು ಹಿತ.

1. ಕಡಿಮೆ ಹಣದಲ್ಲಿ ಪರೀಕ್ಷಿಸುವ ಮಾರ್ಗ ಇದೆಯೆ? ಹತ್ತು ಎಕರೆಗೆ ಮೊದಲು ಅರ್ಧ ಎಕರೆ, ಯಂತ್ರ ಕೊಳ್ಳುವ ಮೊದಲು ಬೇರೆಯವರ ಯಂತ್ರದಲ್ಲಿ ಮಾಡಿಸಿದ ಸರಕು. ಇವೇ ನಮ್ಮ ಪರೀಕ್ಷೆಯ ಗುಂಡಿಗಳು.

2. ಇದೇ ನೆಲದಲ್ಲಿ ಹಿಂದೆ ತೋಡಿದವರು ಯಾರು? ಗೆದ್ದವನಿಗಿಂತ ನಿಲ್ಲಿಸಿದವನನ್ನು ಕಂಡು ಕೇಳುವುದು ಹೆಚ್ಚು ಲಾಭಕರ.

3. ಎಷ್ಟು ಹಣ ಹೋದಾಗ ನಿಲ್ಲಿಸಬೇಕು? ಈ ಮೊತ್ತವನ್ನು ಕೆಲಸ ಆರಂಭಿಸುವ ಮೊದಲು ನಿಗದಿಪಡಿಸಬೇಕು. ಯಂತ್ರ ಗರ್ಜಿಸುತ್ತಿರುವಾಗ ಆ ಲೆಕ್ಕ ಯಾರಿಗೂ ಬರುವುದಿಲ್ಲ.

ಕೆಲಸ ಕಳೆದುಕೊಂಡವರು ಹೊಸ ದಾರಿ ಹುಡುಕಿದ್ದನ್ನು ನಗುವುದು ಸುಲಭ. ವ್ಯಾಪಾರಕ್ಕಿಳಿದ ಪ್ರತಿಯೊಬ್ಬರೂ ಒಂದು ದಿನ ಅನನುಭವಿಗಳೇ ಆಗಿದ್ದರು. ಅನನುಭವ ಅಪರಾಧವಲ್ಲ, ಅದರ ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು. ಇದ್ದ ಗಂಟನ್ನೆಲ್ಲ ಮೊದಲ ಗುಂಡಿಗೇ ಸುರಿದವನಿಗೆ ಮಾತ್ರ ಎರಡನೆಯ ಕಂತು ಕಟ್ಟಲು ಏನೂ ಉಳಿದಿರುವುದಿಲ್ಲ.