ಪ್ರೋಗ್ರಾಂ ಪಠ್ಯದ ವರ್ಣಭೇದವೂ ಕನ್ನಡದ ಹೆಸರುಗಳೂ

ಕಂಪ್ಯೂಟರಿಗಾಗಿ ಬರೆದ ಪ್ರೋಗ್ರಾಮಿನ ಪಠ್ಯವು ಹಲವು ಬಣ್ಣಗಳಲ್ಲಿ ಕಾಣುವುದು ಇಂದಿನ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆ. ಮೀಸಲು ಪದಗಳಿಗೆ ಒಂದು ಬಣ್ಣ, ಸಂಖ್ಯೆಗಳಿಗೆ ಮತ್ತೊಂದು, ದೋಷಕ್ಕೆ ಕೆಂಪು ಚೌಕಟ್ಟು. ಹೊಸದಾಗಿ ಕಲಿಯುವವನು ಪಠ್ಯದ ರಚನೆಯನ್ನು ಗ್ರಹಿಸುವುದು ಬಹುಮಟ್ಟಿಗೆ ಈ ಬಣ್ಣಗಳ ಮೂಲಕವೇ. ಈ ಕಾರ್ಯಕ್ಕಾಗಿ ರಚಿತವಾಗಿ 2006ರಲ್ಲಿ ಮೊದಲು ಬಿಡುಗಡೆಯಾದ ಲೈಬ್ರರಿಗಳಲ್ಲಿ ಪಿಗ್ಮೆಂಟ್ಸ್ ಒಂದು. ಅದರ ಒಂದು ಪರಿಷ್ಕರಣದಿಂದ ಕನ್ನಡದ ಹೆಸರುಗಳಿಗೆ ಒದಗಿದ ಪ್ರಯೋಜನವನ್ನು ಇಲ್ಲಿ ವಿವೇಚಿಸುವೆವು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಪ್ರಸಿದ್ಧವಾಗಿದೆ. ಆ ಗೂಡುಗಳ ಲೆಕ್ಕವಿಡಲು ವಿದ್ಯಾರ್ಥಿಯೊಬ್ಬನು ಪೈಥಾನ್ ಭಾಷೆಯಲ್ಲಿ ‘ಕೊಕ್ಕರೆ = 12’ ಎಂದು ಬರೆದನೆಂದು ಭಾವಿಸೋಣ. 2008ರ ಪೈಥಾನ್ 3.0ರಿಂದೀಚೆಗೆ ಕನ್ನಡದ ಇಂಥ ಹೆಸರು ನಿಯಮಬದ್ಧವಾದುದು. ಪ್ರೋಗ್ರಾಂ ನಿರಾತಂಕವಾಗಿ ನಡೆಯುತ್ತದೆ. ಆದರೆ ಪಿಗ್ಮೆಂಟ್ಸಿನಲ್ಲಿ ‘ಪೈಥಾನ್’ ಎಂಬ ಹೆಸರು ಬಹುಕಾಲ ಪೈಥಾನ್ 2ರ ವ್ಯಾಕರಣವನ್ನೇ ಸೂಚಿಸುತ್ತಿತ್ತು. ಆ ವ್ಯಾಕರಣದಂತೆ ಹೆಸರು ರೋಮನ್ ಅಕ್ಷರದಿಂದಾಗಲಿ ಅಡಿಗೆರೆಯಿಂದಾಗಲಿ ಆರಂಭವಾಗತಕ್ಕದ್ದು. ಹೀಗಾಗಿ ನಿರ್ದುಷ್ಟವಾದ ಪದಕ್ಕೆ ದೋಷದ ಗುರುತು ಬೀಳುತ್ತಿತ್ತು. 2019ರ 2.5ನೆಯ ಆವೃತ್ತಿಯಲ್ಲಿ ಆ ಹೆಸರನ್ನು ಪೈಥಾನ್ 3ರ ವ್ಯಾಕರಣಕ್ಕೆ ವರ್ಗಾಯಿಸಲಾಯಿತು. ಹೊರನೋಟಕ್ಕೆ ಇದು ಹೆಸರಿನ ಬದಲಾವಣೆಯಷ್ಟೇ. ಕನ್ನಡದ ಪದವೊಂದು ಪದವೆಂದು ಗಣನೆಗೆ ಬಂದದ್ದು ಇದರ ಫಲ.

ರೋಮನ್ ಅಕ್ಷರಗಳ ಜೊತೆಗೆ ಕನ್ನಡದ ಅಕ್ಷರಗಳನ್ನೂ ಸೇರಿಸಿದ್ದರೆ ಸಾಲದಿತ್ತೆ ಎಂದು ಕೇಳಬಹುದು. ಸಾಲದು. ಮೂರು ಅಕ್ಷರಗಳ ‘ಕೊಕ್ಕರೆ’ಯು ಯೂನಿಕೋಡಿನಲ್ಲಿ ಏಳು ಘಟಕಗಳಾಗುತ್ತದೆ: ಕಕಾರ, ಒತ್ವ, ಕಕಾರ, ವಿರಾಮ, ಕಕಾರ, ರಕಾರ, ಎತ್ವ. ಪೈಥಾನಿನಲ್ಲಿ ‘ಪದದ ಅಕ್ಷರ’ವನ್ನು ಹುಡುಕಲು ಬಳಸುವ ಸಾಮಾನ್ಯ ಸಂಕೇತವು ವ್ಯಂಜನಗಳನ್ನು ಅಂಗೀಕರಿಸಿ, ಸ್ವರಚಿಹ್ನೆಗಳನ್ನೂ ವಿರಾಮವನ್ನೂ ಕೈಬಿಡುತ್ತದೆ. ಆಗ ‘ಕ’, ‘ಕ’, ‘ಕರ’ ಎಂಬ ಮೂರು ತುಣುಕುಗಳಾಗಿ ಪದವು ಒಡೆದು, ಮಿಕ್ಕ ಮೂರು ಚಿಹ್ನೆಗಳು ಆಶ್ರಯವಿಲ್ಲದೆ ಉಳಿಯುತ್ತವೆ. ಹೊಸ ವ್ಯಾಕರಣವಾದರೋ ಹೆಸರನ್ನು ಆರಂಭಿಸಬಲ್ಲ ಘಟಕಗಳು, ಮುಂದುವರಿಸಬಲ್ಲ ಘಟಕಗಳು ಎಂಬ ಯೂನಿಕೋಡಿನ ಎರಡು ವರ್ಗಗಳನ್ನು ಅನುಸರಿಸುತ್ತದೆ. ಸ್ವರಚಿಹ್ನೆಗಳೂ ವಿರಾಮವೂ ಎರಡನೆಯ ವರ್ಗದಲ್ಲಿ ಸೇರಿರುವುದರಿಂದ ಪದವು ಅಖಂಡವಾಗಿ ನಿಲ್ಲುತ್ತದೆ.

ಆದರೂ ಕನ್ನಡದಲ್ಲಿ ಬರೆಯಬಹುದಾದುದೆಲ್ಲವೂ ಹೆಸರಾಗಲಾರದು. ‘ಬ್ಯಾಂಕ್‌ಖಾತೆ’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಘಟಕವೊಂದನ್ನು ಇಡುತ್ತೇವೆ. ಜಾವಾಸ್ಕ್ರಿಪ್ಟ್ ಇದನ್ನು ಹೆಸರಿನೊಳಗೆ ಒಪ್ಪುತ್ತದೆ, ಪೈಥಾನ್ ಒಪ್ಪುವುದಿಲ್ಲ. ಪೈಥಾನ್ ಪಠ್ಯದಲ್ಲಿ ಇಲ್ಲಿ ದೋಷದ ಗುರುತು ಬಿದ್ದರೆ ಅದು ನ್ಯಾಯವೇ. ಆಯಾ ಭಾಷೆಯ ನಿಯಮವೇ ಬಣ್ಣಕ್ಕೂ ಪ್ರಮಾಣವೆಂಬುದು ಇದರಿಂದ ಸಿದ್ಧಿಸುತ್ತದೆ.

ಕನ್ನಡದಲ್ಲಿ ಹೆಸರಿಟ್ಟು ಬರೆದ ವಿದ್ಯಾರ್ಥಿಯು ಕೆಂಪು ಗುರುತನ್ನು ಕಂಡು ತನ್ನ ಭಾಷೆಯೇ ಈ ಕೆಲಸಕ್ಕೆ ಸಲ್ಲದೆಂದು ಬಗೆಯುವ ಸಂಭವವುಂಟು. ಅಧ್ಯಾಪಕರು ಮೊದಲು ಪ್ರೋಗ್ರಾಮನ್ನು ನಡೆಸಿ ನೋಡತಕ್ಕದ್ದು. ಅದು ನಡೆದರೆ ದೋಷವಿರುವುದು ಬಣ್ಣ ಹಚ್ಚುವ ಸಾಧನದಲ್ಲಿ. ಅದರ ಆವೃತ್ತಿಯನ್ನು ಪರೀಕ್ಷಿಸುವುದು ಯುಕ್ತ. ಇಂಥ ಲೈಬ್ರರಿಗಳನ್ನು ಪರಿಷ್ಕರಿಸುವವರು ತಮ್ಮ ಪರೀಕ್ಷೆಗಳಲ್ಲಿ ಒತ್ತಕ್ಷರವುಳ್ಳ ಕನ್ನಡದ ಪದವೊಂದನ್ನಾದರೂ ಇರಿಸಿಕೊಂಡರೆ, ಹಳೆಯ ದೋಷವು ಮರುಕಳಿಸಿದಾಗ ಒಡನೆಯೇ ತಿಳಿದುಬರುವುದು.