ಪ್ಲೇಗಿಗೆ ಬಗ್ಗದ ಮುಂಬಯಿ ಇಲಿ

ಮುಂಬಯಿ: 1896ರಲ್ಲಿ ಮಾಂಡ್ವಿಯ ಗೋದಾಮುಗಳ ಆಸುಪಾಸಿನಲ್ಲಿ ಕಾಣಿಸಿಕೊಂಡ ಪ್ಲೇಗು ಇಡೀ ನಗರವನ್ನು ನಡುಗಿಸಿತು. ಎರಡೇ ವರ್ಷಗಳಲ್ಲಿ ಬೆಂಗಳೂರನ್ನೂ ಮುಟ್ಟಿತು. ಜನ ಊರು ಬಿಟ್ಟು ಓಡಿದರು. ಪಾಪ, ಇಲಿಗಳು ಎಲ್ಲಿಗೆ ಓಡಬೇಕು? ರಾಶಿ ರಾಶಿಯಾಗಿ ಸತ್ತವು.

ಆದರೆ ಎಲ್ಲವೂ ಸಾಯಲಿಲ್ಲ. ಹುಟ್ಟಿನಿಂದಲೇ ರೋಗವನ್ನು ತುಸು ಹೆಚ್ಚು ತಾಳಿಕೊಳ್ಳಬಲ್ಲ ಕೆಲವು ಉಳಿದು ಮರಿ ಹಾಕಿದವು. ಆ ಗುಣ ಮರಿಗಳಿಗೂ ಬಂತು. ಇಲಿಯಾದರೋ ಹುಟ್ಟಿದ ಕೆಲವೇ ತಿಂಗಳಲ್ಲಿ ತಾನೇ ತಾಯಿಯಾಗುವ ಪ್ರಾಣಿ. ಪ್ಲೇಗು ಮರುಕಳಿಸಿದಾಗಲೆಲ್ಲ ದುರ್ಬಲವಾದವು ಅಳಿದು, ಗಟ್ಟಿ ಇಲಿಗಳ ಸಂತತಿಯೇ ಹೆಚ್ಚಿತು. ಯಾವ ಇಲಿಯೂ ರೋಗವನ್ನು ಎದುರಿಸಲು ಕಲಿತದ್ದಲ್ಲ ಎಂಬುದು ಇಲ್ಲಿ ಗಮನಾರ್ಹ. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಎಂದರೆ ಇದೇ.

1930ರ ದಶಕದಲ್ಲಿ ಪರೇಲಿನ ಹಾಫ್‌ಕಿನ್ ಸಂಸ್ಥೆಯ ಸಾಹಿಬ್ ಸಿಂಗ್ ಸೋಖಿ ಮತ್ತು ಚಿತ್ರೆ ಅವರು ಬೇರೆ ಬೇರೆ ಊರುಗಳ ಇಲಿಗಳಿಗೆ ಪ್ಲೇಗಿನ ರೋಗಾಣು ಕೊಟ್ಟು ಪರೀಕ್ಷಿಸಿದರು. ರೋಗ ಅಷ್ಟಾಗಿ ಕಾಡದ ಮದ್ರಾಸಿನ ಇಲಿಗಳು ಬಹುಪಾಲು ಸತ್ತವು. ಮುಂಬಯಿಯವು ಬಹುಪಾಲು ಬದುಕಿದವು.

ಇಲಿ ಸತ್ತಾಗಲೇ ಅದರ ಮೈಮೇಲಿನ ಚಿಗಟ ಮನುಷ್ಯನತ್ತ ಹಾರುವುದು. ಇಲಿ ಬದುಕುಳಿದರೆ ನಮಗೂ ಅಪಾಯ ಕಡಿಮೆ. ಭಾರತದಲ್ಲಿ ಪ್ಲೇಗು ಇಳಿಮುಖವಾಗಲು ಇದೂ ಒಂದು ಕಾರಣವೆಂದು ಹಲವು ತಜ್ಞರು ಎಣಿಸಿದ್ದಾರೆ.