ಪರಸ್ಥಳದಲ್ಲಿ ಬಾಳುವುದು: ಕಲ್ಯಾಣದ ನೆಲ ಕಲಿಸುವ ಪಾಠ

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ?’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಹೊಸ ಊರಿಗೆ ಬಂದ ಹೆಣ್ಣುಮಗಳು ಇಂದಲ್ಲ ನಾಳೆ ಕೊಡ ಹಿಡಿದು ಬಾವಿಕಟ್ಟೆಗೆ ಬರಲೇಬೇಕು. ಆಗ ಊರಿಗೆ ಅವಳ ಪರಿಚಯ, ಅವಳಿಗೆ ಊರಿನ ಪರಿಚಯ ಆಗುತ್ತದೆ. ಹುಟ್ಟಿದ ನೆಲ ಬಿಟ್ಟು ಬೇರೊಂದು ನಾಡಿನಲ್ಲಿ ಮನೆ ಮಾಡುವವರ ಕಥೆಯೆಲ್ಲ ಈ ಒಂದು ಗಾದೆಯಲ್ಲಿ ಅಡಗಿದೆ.

ಪರದೇಶದ ಬಾಳು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಅಮೆರಿಕ, ಇಂಗ್ಲೆಂಡ್ ಅಥವಾ ಕೊಲ್ಲಿ ರಾಷ್ಟ್ರಗಳು ಬರುತ್ತವೆ. ಆದರೆ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ದೂರದ ಜನ ಬಂದು ನೆಲೆಸುತ್ತಿದ್ದ ಪರದೇಶವೊಂದು ನಮ್ಮ ಬೀದರ್ ಜಿಲ್ಲೆಯಲ್ಲಿಯೇ ಇತ್ತು. ಅದೇ ಕಲ್ಯಾಣ, ಇಂದಿನ ಬಸವಕಲ್ಯಾಣ. ಪಕ್ಕದ ಹುಮನಾಬಾದ್ ಸೀಮೆಯೂ ಆ ಕಥೆಗೆ ಸೇರಿದೆ. ಹೊಸಬನೊಬ್ಬ ಊರಿನವನಾಗಲು ಏನೇನು ಬೇಕು ಎಂಬುದನ್ನು ಅಲ್ಲಿಗೆ ಬಂದವರ ಬದುಕಿನಿಂದಲೇ ತಿಳಿಯೋಣ.

ಹೊಸಬನ ನಾಲ್ಕು ಅಗತ್ಯಗಳು

ಯಾವ ಕಾಲದಲ್ಲೇ ಆಗಲಿ, ಪರಸ್ಥಳಕ್ಕೆ ಬಂದವನಿಗೆ ನಾಲ್ಕು ಸಂಗತಿಗಳು ಬೇಕು. ಮೊದಲನೆಯದು ಕೆಲಸ. ಎರಡನೆಯದು ಅನ್ನ ಮತ್ತು ಸೂರು. ಮೂರನೆಯದು ಮಾತು, ಎಂದರೆ ಆ ಊರಿನ ಭಾಷೆ. ನಾಲ್ಕನೆಯದು ಮಾನ, ಎಂದರೆ ‘ಇವನೂ ನಮ್ಮವನೇ’ ಎಂದು ಊರು ಒಪ್ಪಿಕೊಳ್ಳುವುದು. ಮೊದಲ ಎರಡು ಸಿಕ್ಕರೆ ಜೀವ ಉಳಿಯುತ್ತದೆ. ಕೊನೆಯ ಎರಡೂ ಸಿಕ್ಕಾಗ ಮಾತ್ರ ಮನಸ್ಸು ನೆಲೆಗೊಳ್ಳುತ್ತದೆ.

ಕಾಶ್ಮೀರದಿಂದ ಬಂದ ಕವಿ

ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಇವನ ಆಸ್ಥಾನಕ್ಕೆ ಬಂದವನು ಬಿಲ್ಹಣ. ಶ್ರೀನಗರದ ಬಳಿಯ ಖೋನಮುಷ ಎಂಬ ಹಳ್ಳಿ ಇವನ ಹುಟ್ಟೂರು. ಓದು ಮುಗಿಸಿ ಮನೆಯಿಂದ ಹೊರಟ ಈ ಕವಿ ಮಥುರಾ, ಕನೌಜ್, ಪ್ರಯಾಗ, ಕಾಶಿಗಳನ್ನು ದಾಟಿ, ಗುಜರಾತಿನ ಸೋಮನಾಥವನ್ನು ಕಂಡು, ಕೊನೆಗೆ ಕಲ್ಯಾಣಕ್ಕೆ ಬಂದು ನಿಂತನು. ದೊರೆ ಅವನಿಗೆ ‘ವಿದ್ಯಾಪತಿ’ ಎಂಬ ಪದವಿ ಕೊಟ್ಟನು. ದೊರೆಯ ಚರಿತ್ರೆಯನ್ನು ಬಿಲ್ಹಣನು ‘ವಿಕ್ರಮಾಂಕದೇವಚರಿತ’ ಎಂಬ ಸಂಸ್ಕೃತ ಕಾವ್ಯವಾಗಿ ಬರೆದನು. ಬಹುಕಾಲ ಮರೆಯಾಗಿದ್ದ ಈ ಕಾವ್ಯದ ಹಸ್ತಪ್ರತಿ ಜೈಸಲ್ಮೇರಿನ ಭಂಡಾರದಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಅವರ ಕಣ್ಣಿಗೆ ಬಿದ್ದು, 1875ರಲ್ಲಿ ಅಚ್ಚಾಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾವ್ಯದ ನಾಯಕ ಕಲ್ಯಾಣದ ದೊರೆ. ಆದರೆ ಕೊನೆಯದಾದ 18ನೆಯ ಸರ್ಗದಲ್ಲಿ ಕವಿ ತನ್ನ ಕಾಶ್ಮೀರಕ್ಕೆ ಮರಳುತ್ತಾನೆ. ಒಂದು ಕಡೆ ಕೇಸರಿ, ಇನ್ನೊಂದು ಕಡೆ ದ್ರಾಕ್ಷಿ ಬೆಳೆಯುವ ತನ್ನ ಹಳ್ಳಿಯನ್ನು, ತಂದೆ ತಾತಂದಿರನ್ನು ನೆನೆಯುತ್ತಾನೆ. ದಾರಿಯಲ್ಲಿ ಕಂಡ ಗುರ್ಜರ ಜನರ ಉಡುಗೆ, ಮಾತುಗಳ ಬಗ್ಗೆ ಮುನಿಸನ್ನೂ ತೋರುತ್ತಾನೆ. ಪರಸ್ಥಳದ ರೀತಿನೀತಿ ಮೊದಲು ವಿಚಿತ್ರವಾಗಿ ಕಾಣುವುದು ಇಂದಿನವರ ಅನುಭವ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಾಶ್ಮೀರದ ಚರಿತ್ರಕಾರ ಕಲ್ಹಣನು ಮುಂದೆ ‘ರಾಜತರಂಗಿಣಿ’ಯಲ್ಲಿ ಬಿಲ್ಹಣನ ಮಾತು ತೆಗೆದಿದ್ದಾನೆ. ಕರ್ಣಾಟ ದೊರೆಯ ಎದುರಿನಲ್ಲೇ ಆನೆಯ ಮೇಲೆ ಛತ್ರ ಹಿಡಿಸಿಕೊಂಡು ಸಾಗುವ ಗೌರವ ಈ ಕವಿಗೆ ಇತ್ತಂತೆ. ಆದರೂ ತನ್ನ ನಾಡಿನಲ್ಲಿ ಹರ್ಷನೆಂಬ ದೊರೆ ಕವಿಗಳಿಗೆ ಬಂಧುವಿನಂತೆ ಇದ್ದಾನೆಂದು ಕೇಳಿದಾಗ, ಅಷ್ಟು ವೈಭವವೂ ಅವನಿಗೆ ಹುಸಿ ಎನಿಸಿತಂತೆ. ಕೆಲಸ, ಅನ್ನ, ಮಾನ ಮೂರೂ ದೊರೆತವನಿಗೂ ತವರಿನ ಹಂಬಲ ತಪ್ಪಲಿಲ್ಲ.

ಅತ್ತ ಕಾಶ್ಮೀರದ ಹರ್ಷನಿಗೆ ದಕ್ಷಿಣದ ಶೋಕಿ ಹಿಡಿದಿತ್ತು. ಅವನು ಕರ್ಣಾಟದ ಮಾದರಿಯಲ್ಲಿ ನಾಣ್ಯ ಹಾಕಿಸಿದನೆಂದು ಕಲ್ಹಣನೇ ಹೇಳುತ್ತಾನೆ. ಆನೆಯ ಚಿತ್ರವಿರುವ ಹರ್ಷನ ನಾಣ್ಯಗಳು ಇಂದಿಗೂ ಉಳಿದಿವೆ. ಎರಡು ನಾಡುಗಳ ನಡುವೆ ಹೋಗಿಬರುವವರು ಇದ್ದಾಗ ಜನರೊಂದಿಗೆ ರುಚಿ, ರೂಢಿಗಳೂ ಸಾಗುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಸೌದೆ ಹೊತ್ತ ಶರಣ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಆಕರ್ಷಣೆ ಬೇರೆಯಾಯಿತು. ಆಗ ಜನ ಅರಮನೆಗಿಂತ ಹೆಚ್ಚಾಗಿ ಬಸವಣ್ಣನವರ ಮಹಾಮನೆಯನ್ನು ಅರಸಿ ಬಂದರು. ಬಳ್ಳಿಗಾವೆಯಿಂದ ಅಲ್ಲಮಪ್ರಭು, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ, ಎಂದರೆ ಇಂದಿನ ಸೊಲ್ಲಾಪುರದಿಂದ, ಸಿದ್ಧರಾಮ ಬಂದರು. ಸ್ವತಃ ಬಸವಣ್ಣನವರೇ ಬಾಗೇವಾಡಿಯವರು. ಕಲ್ಯಾಣವನ್ನು ಕಲ್ಯಾಣವಾಗಿಸಿದವರಲ್ಲಿ ಬಹುಮಂದಿ ಹೊರಗಿನಿಂದ ಬಂದವರೇ ಎಂಬುದನ್ನು ಮರೆಯಬಾರದು.

ಇವರಲ್ಲಿ ಮೋಳಿಗೆಯ ಮಾರಯ್ಯನವರ ಕಥೆ ವಿಶಿಷ್ಟವಾದುದು. ಶರಣ ಪರಂಪರೆಯ ಪ್ರಕಾರ ಅವರು ಕಾಶ್ಮೀರದ ಅರಸರು. ಸಿಂಹಾಸನ ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆ ತಂದು ಮಾರಿ ಜೀವಿಸಿದರು. ‘ಮೋಳಿಗೆ’ ಎಂದರೆ ಸೌದೆಯ ಹೊರೆ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಗ್ರಾಮವನ್ನು ಜನ ಇಂದಿಗೂ ಅವರ ಹೆಸರಿನೊಡನೆ ನೆನೆಯುತ್ತಾರೆ. ‘ನಿಃಕಳಂಕ ಮಲ್ಲಿಕಾರ್ಜುನ’ ಎಂಬ ಅಂಕಿತದ ಅವರ ನೂರಾರು ವಚನಗಳು ಉಳಿದಿವೆ. ಮಹಾದೇವಿಯವರೂ ವಚನಕಾರ್ತಿ. ಇಬ್ಬರ ವಚನಗಳೂ ಕನ್ನಡದಲ್ಲಿಯೇ ಇವೆ.

ಬಿಲ್ಹಣನಿಗೂ ಮಾರಯ್ಯನವರಿಗೂ ಇರುವ ವ್ಯತ್ಯಾಸವನ್ನು ಯೋಚಿಸಿ. ಆಸ್ಥಾನದ ಕವಿಗೆ ಸಂಸ್ಕೃತ ಸಾಕಾಗಿತ್ತು, ಅದು ಎಲ್ಲ ಆಸ್ಥಾನಗಳಲ್ಲಿ ನಡೆಯುವ ನಾಣ್ಯ. ಸೌದೆ ಮಾರುವವನಿಗೆ ಅದು ಸಾಲದು. ಅವನು ಮನೆಮನೆಯ ಬಾಗಿಲಿಗೆ ಹೋಗಬೇಕು, ಹೊರೆಗೆ ಬೆಲೆ ಹೇಳಬೇಕು, ಚೌಕಾಸಿ ಕೇಳಿಸಿಕೊಳ್ಳಬೇಕು. ದುಡಿಮೆಯೇ ಅವನನ್ನು ಊರಿನ ಮಾತಿಗೆ, ಊರಿನ ಮಾತು ಅವನನ್ನು ಊರಿನ ಮನಸ್ಸಿಗೆ ಕರೆದೊಯ್ಯುತ್ತದೆ.

ಊರು ಮಾಡಬೇಕಾದದ್ದು

ಹೊಸಬ ಎಷ್ಟೇ ಪ್ರಯತ್ನಿಸಿದರೂ ಊರು ಬಾಗಿಲು ತೆರೆಯದಿದ್ದರೆ ಅವನು ಹೊರಗೇ ಉಳಿಯುತ್ತಾನೆ. ಶರಣರ ಎರಡು ತತ್ತ್ವಗಳು ಇಲ್ಲಿ ಮುಖ್ಯವಾಗುತ್ತವೆ. ಕಾಯಕ ತತ್ತ್ವದ ಪ್ರಕಾರ ಯಾವ ದುಡಿಮೆಯೂ ಕೀಳಲ್ಲ. ಆದುದರಿಂದ ಹೊಸಬ ಯಾವ ಕೆಲಸ ಹಿಡಿದರೂ ಅವನ ಮಾನಕ್ಕೆ ಕುಂದಿಲ್ಲ. ದಾಸೋಹ ತತ್ತ್ವದ ಪ್ರಕಾರ ದುಡಿದದ್ದನ್ನು ಹಂಚಿ ಉಣ್ಣಬೇಕು. ಆದುದರಿಂದ ನೆಲೆ ಸಿಗುವವರೆಗೆ ಅವನು ಹಸಿದಿರಬೇಕಾಗಿಲ್ಲ. ಹುಟ್ಟಿದ ಕುಲವನ್ನು ಕೇಳದೆ ಬರಮಾಡಿಕೊಂಡದ್ದು ಇವೆಲ್ಲಕ್ಕಿಂತ ದೊಡ್ಡದು. ನಾವು ಹೇಳಿದ ನಾಲ್ಕು ಅಗತ್ಯಗಳಲ್ಲಿ ಮೂರನ್ನು ಊರೇ ಪೂರೈಸುವ ಏರ್ಪಾಡು ಇದು. ಮಾತೊಂದನ್ನು ಮಾತ್ರ ಬಂದವನೇ ಕಲಿಯಬೇಕು.

ಈಗ ಹೊರಡುವವರು

ಇಂದು ಇದೇ ಸೀಮೆಯಿಂದ ಜನ ಹೊರಗೆ ಹೋಗುತ್ತಾರೆ. ಹೈದರಾಬಾದ್, ಪುಣೆ, ಮುಂಬಯಿಗಳು ಹಳೆಯ ದಾರಿಗಳು. ಹೈದರಾಬಾದ್–ಪುಣೆ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗವೂ ಪೂರ್ಣಗೊಂಡಿತು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರೂ ಇದ್ದಾರೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಇಲ್ಲಿಯ ಸಂತೆಯಲ್ಲೇ ಕಿವಿಗೆ ಬೀಳುತ್ತವೆ. ಹೊರಡುವವನಿಗೆ ಇದೊಂದು ದೊಡ್ಡ ಬಂಡವಾಳ.

ಆದರೆ ಮಾತೊಂದೇ ಸಾಲದು, ಕಾಗದಪತ್ರವೂ ಸರಿಯಾಗಿರಬೇಕು. 1983ರ ವಲಸೆ ಕಾಯ್ದೆಯಡಿ ರೂಪುಗೊಂಡ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕೆಲವು ನಿಗದಿತ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅಧಿಕಾರಿಗಳ ಅನುಮತಿ ಪಡೆಯಬೇಕು. ಕಡಿಮೆ ಓದಿದವರು ಮೋಸಹೋಗದಿರಲಿ ಎಂಬುದು ಇದರ ಉದ್ದೇಶ. ನೋಂದಾಯಿತರಲ್ಲದ ದಲ್ಲಾಳಿಗಳು ಈ ಅನುಮತಿಯನ್ನು ತಪ್ಪಿಸಲು ಪ್ರವಾಸಿ ವೀಸಾದಲ್ಲಿ ಜನರನ್ನು ಕಳಿಸುವುದುಂಟು. ಹಾಗೆ ಹೋದವರಿಗೆ ಸಂಬಳ ನಿಂತರೆ ದೂರು ಕೊಡಲೂ ಕಷ್ಟ. ಸಂಬಳ, ಕೆಲಸ, ಮಾಲೀಕರ ಹೆಸರು ಬರೆದ ಕರಾರುಪತ್ರದ ಒಂದು ಪ್ರತಿ ಮನೆಯಲ್ಲಿರಲೇಬೇಕು. ಅಪ್ಪ, ಕಾಕಾ ಅಥವಾ ಅಣ್ಣ ಹೊರಡುವಾಗ ಆ ಪತ್ರವನ್ನು ಓದಿ ಅರ್ಥ ಹೇಳಬಲ್ಲವರು ಮನೆಯಲ್ಲಿ ನೀವೇ ಆಗಿರಬಹುದು. ನಿಮ್ಮ ಓದಿನ ಬೆಲೆ ಆ ದಿನ ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವೂ ಹೊರಡಬಹುದು. ಅಥವಾ ದೂರದ ರಾಜ್ಯದಿಂದ ದುಡಿಯಲು ಬಂದವರ ಮಗುವೊಂದು ನಿಮ್ಮ ಪಕ್ಕದ ಬೆಂಚಿನಲ್ಲಿ ಬಂದು ಕೂರಬಹುದು. ಮೊದಲ ದಿನ ಆ ಮಗುವಿಗೆ ಕನ್ನಡದಲ್ಲಿ ‘ನೀರು’ ಎಂದು ಕೇಳಲೂ ಬಾರದು. ಅದನ್ನು ನೋಡಿ ನಗುವುದೋ, ಆ ಪದವನ್ನು ಕಲಿಸಿಕೊಡುವುದೋ ನಿಮಗೆ ಬಿಟ್ಟದ್ದು.

ಚರ್ಚಿಸಿ ನೋಡಿ

1. ನಿಮ್ಮ ಓಣಿಯಲ್ಲಿ ಹೊರಗಿನಿಂದ ಬಂದು ನೆಲೆಸಿದ ಹಿರಿಯರೊಬ್ಬರನ್ನು ಮಾತನಾಡಿಸಿ. ನಾಲ್ಕು ಅಗತ್ಯಗಳಲ್ಲಿ ಅವರಿಗೆ ಮೊದಲು ಸಿಕ್ಕದ್ದು ಯಾವುದು, ಕೊನೆಗೆ ಸಿಕ್ಕದ್ದು ಯಾವುದು?

2. ಪರಸ್ಥಳಕ್ಕೆ ಹೋದವನು ತನ್ನ ಭಾಷೆಯನ್ನು ಉಳಿಸಿಕೊಂಡೇ ಅಲ್ಲಿಯ ಭಾಷೆಯನ್ನು ಕಲಿಯಲು ಏನು ಮಾಡಬೇಕು?

3. ಬಿಲ್ಹಣ ಮತ್ತು ಮಾರಯ್ಯ, ಇವರಲ್ಲಿ ಯಾರು ಹೆಚ್ಚು ಕಲ್ಯಾಣದವರಾದರು? ಕಾರಣ ಕೊಟ್ಟು ಬರೆಯಿರಿ.